ಯಾಕೆ ಸತ್ತೆ ಅಂತ ಗೊತ್ತಾಗಬೇಕು

ರೋಗ್‌ಲೈಕ್ ಗೇಮ್ ಕಷ್ಟ ಆಗಬೇಕಂದ್ರೆ ಶತ್ರುವಿನ ಹೆಲ್ತ್ ಡಬಲ್ ಮಾಡಿದರೆ ಸಾಕು ಅನ್ನೋದು ನಮ್ಮ ಕ್ಯಾಂಪಸ್‌ನಲ್ಲಿ ಗೇಮ್ ಮಾಡುವ ಹಲವರ ನಂಬಿಕೆ. ಅದರಿಂದ ಆಟ ಉದ್ದ ಆಗುತ್ತೆ, ಅಷ್ಟೇ. ಅದೇ ರಾಕ್ಷಸನಿಗೆ ಅದೇ ಕತ್ತಿ ಇನ್ನೂ ಹತ್ತು ಸಲ ಬೀಸಬೇಕು.

‘ಸ್ಲೇ ದ ಸ್ಪೈರ್’ (2019) ನೋಡಿ. ರಾಕ್ಷಸ ಮುಂದೆ ಎಷ್ಟು ಡ್ಯಾಮೇಜ್ ಕೊಡ್ತಾನೆ ಅನ್ನೋದು ಅವನ ತಲೆಯ ಮೇಲೇ ಕಾಣುತ್ತೆ. 12 ಅಂತ ಇದ್ದರೆ, ನಮ್ಮ ಹತ್ತಿರ ಇರುವ 3 ಎನರ್ಜಿಯಲ್ಲಿ ತಡೆಯೋದಾ, ಹೊಡೆಯೋದಾ? ಕಷ್ಟ ಇರೋದು ಆ ಆಯ್ಕೆಯಲ್ಲಿ. ಸತ್ತರೆ ಮೊದಲಿಂದ ಶುರು, ಆದರೂ ಸಿಟ್ಟು ಬರೋದು ನಮ್ಮ ಮೇಲೆಯೇ. ಅದಕ್ಕೇ ಮತ್ತೆ ಆಡ್ತೇವೆ.

ಸತ್ತರೆ ಎಲ್ಲ ಕಳೆದುಹೋಗುವ ಗೇಮ್‌ನಲ್ಲಿ ಕಾರಣ ಮುಚ್ಚಿಡೋದು ಮೋಸ. ಹೊಸ ಶತ್ರು ಸೇರಿಸುವ ಮುಂಚೆ ಗೆಳೆಯರಿಗೆ ಆಡಲು ಕೊಟ್ಟು, “ಯಾಕೆ ಸತ್ತೆ?” ಅಂತ ಕೇಳೋಣ. ಅವರಿಗೆ ಉತ್ತರ ಹೊಳೆಯದಿದ್ದರೆ ಬದಲಾಗಬೇಕಾದ್ದು ನಮ್ಮ ಡಿಸೈನ್.