ನೊಣ ಹೀರುವ ಯಂತ್ರವೂ ಗೊಬ್ಬರದ ಗುಂಡಿಯೂ

ಕೆಲಸವಿಲ್ಲದೆ ಕುಳಿತವರನ್ನು ‘ನೊಣ ಹೊಡೆಯುತ್ತಿದ್ದಾರೆ’ ಎಂದು ಹಾಸ್ಯ ಮಾಡುವುದು ರೂಢಿ. ಆದರೆ ಹಲಸು ಹಣ್ಣಾಗುವ ಕಾಲದಲ್ಲಿ ನಮ್ಮ ಕಾಸರಗೋಡಿನ ಮನೆಗಳಲ್ಲಿ ನೊಣ ಹೊಡೆಯುವುದೇ ಒಂದು ದೊಡ್ಡ ಕೆಲಸ. ಒಂದು ಕೈ ಊಟಕ್ಕಾದರೆ ಇನ್ನೊಂದು ಕೈ ಬೀಸುವುದಕ್ಕೇ ಬೇಕು. ಈ ವರ್ಷ ನಮ್ಮ ಸಹಪಾಠಿಯೊಬ್ಬನ ಮಾವ ಗಲ್ಫಿನಿಂದ ಬರುವಾಗ ನೊಣ ಹೀರುವ ಕೈಯಂತ್ರವೊಂದನ್ನು ತಂದರು. ಅದನ್ನು ನಾವೆಲ್ಲರೂ ಬಳಸಿ ನೋಡಿದೆವು. ಅದರಿಂದ ನಮಗೆ ಮೂಡಿದ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಯಂತ್ರದ ರಚನೆ ಸರಳ. ಮುಂದೆ ಉದ್ದನೆಯ ಕೊಳವೆ, ಹಿಂದೆ ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು, ನಡುವೆ ಜಾಲರಿಯಿರುವ ಡಬ್ಬಿ. ಸ್ವಿಚ್ಚು ಒತ್ತಿದರೆ ಗಾಳಿ ಒಳನುಗ್ಗುತ್ತದೆ, ನೊಣವೂ ಅದರೊಡನೆ ಡಬ್ಬಿ ಸೇರುತ್ತದೆ. ಕೊಳವೆಯ ಮುಚ್ಚಳ ಹಾಕಿದರೆ ಅದು ಮತ್ತೆ ಹೊರಬರಲಾರದು.

ಬರಿಗೈಗೆ ನೊಣ ಸಿಗದಿರುವುದಕ್ಕೆ ಕಾರಣವಿದೆ. ಸಾವಿರಾರು ಪುಟ್ಟ ಮಸೂರಗಳಿಂದಾದ ಅದರ ಕಣ್ಣು ವೇಗದ ಚಲನೆಯನ್ನು ನಮ್ಮ ಕಣ್ಣಿಗಿಂತ ಬಹಳ ಬೇಗ ಗುರುತಿಸುತ್ತದೆ. ಬೀಸಿದ ಕೈ ತನ್ನ ಮುಂದೆ ತಳ್ಳುವ ಗಾಳಿಯೂ ಅದಕ್ಕೆ ಮುನ್ಸೂಚನೆ ಕೊಡುತ್ತದೆ. 1905ರಲ್ಲಿ ಅಮೇರಿಕದ ಕ್ಯಾನ್ಸಸ್ ಪ್ರಾಂತ್ಯದ ಆರೋಗ್ಯಾಧಿಕಾರಿ ಡಾ. ಸ್ಯಾಮ್ಯುಯೆಲ್ ಕ್ರಂಬೈನ್ ನೊಣಗಳ ವಿರುದ್ಧ ಪ್ರಚಾರ ನಡೆಸಿದಾಗ, ಫ್ರಾಂಕ್ ರೋಸ್ ಎಂಬ ಉಪಾಧ್ಯಾಯರು ಕೋಲಿನ ತುದಿಗೆ ತಂತಿಯ ಜಾಲರಿ ಕಟ್ಟಿ ನೊಣ ಹೊಡೆಯುವ ಸಾಧನ ತಯಾರಿಸಿದರು. ಗಾಳಿ ಜಾಲರಿಯ ತೂತುಗಳಿಂದ ಹಾದುಹೋಗುವುದೇ ಅದರ ಗುಣ. ಹೀರುವ ಯಂತ್ರವಾದರೋ ಗಾಳಿಯನ್ನು ನೊಣದತ್ತ ತಳ್ಳುವುದೇ ಇಲ್ಲ.

ಆದರೆ ಅದಕ್ಕೂ ಮಿತಿಯಿದೆ. ದೀಪವನ್ನು ಊದಿ ಆರಿಸಬಹುದು, ದೂರದಿಂದ ಹೀರಿ ಆರಿಸಲಾಗದು. ಕೊಳವೆಯ ಬಾಯಿಯಿಂದ ತುಸು ದೂರ ಸರಿದರೂ ಸೆಳೆತ ಇಳಿದುಹೋಗುತ್ತದೆ. ಆದುದರಿಂದ ಕೊಳವೆಯನ್ನು ಮೆಲ್ಲಮೆಲ್ಲನೆ ನೊಣದ ಹತ್ತಿರಕ್ಕೆ ಒಯ್ಯಬೇಕು. ರಾತ್ರಿ ಮಾಡಿನಲ್ಲಿ, ತೂಗುವ ಹಗ್ಗದಲ್ಲಿ ನೊಣಗಳು ವಿಶ್ರಮಿಸುವ ಹೊತ್ತೇ ಇದಕ್ಕೆ ಯೋಗ್ಯ. ಹಿಡಿದ ನೊಣವನ್ನು ಅಂಗಳದಲ್ಲಿ ಬಿಡುವುದು ವ್ಯರ್ಥ. ಅದು ಹಟ್ಟಿಗೆ ಹೋಗಿ ಮತ್ತೆ ಅಡುಗೆಮನೆಗೆ ಬರುತ್ತದೆ. ಸಾಬೂನಿನ ನೀರಿಗೆ ಹಾಕುವುದೇ ಲೇಸು.

ಹಾಗಿದ್ದರೂ ನಾವು ಈ ಯಂತ್ರದ ಪಕ್ಷದಲ್ಲಿದ್ದೇವೆ. ಏಕೆಂದರೆ ಅದು ಅನ್ನದ ಮೇಲೆ ವಿಷ ಸಿಂಪಡಿಸುವುದಿಲ್ಲ. ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆದರೆ ಅಷ್ಟರಲ್ಲೇ ಯುರೋಪಿನ ಕೆಲವು ಕಡೆ ಆ ಮದ್ದಿಗೆ ಜಗ್ಗದ ನೊಣಗಳು ಹುಟ್ಟಿಕೊಂಡಿದ್ದವು. ವಿಷದ ವಿಚಾರವನ್ನು ನಮ್ಮ ಜಿಲ್ಲೆಗೆ ಬೇರೆಯವರು ಬಂದು ಕಲಿಸಬೇಕಾಗಿಲ್ಲ. ಎಣ್ಮಕಜೆ ಮೊದಲಾದ ಗ್ರಾಮಗಳ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಹಾಸಿಗೆ ಹಿಡಿದ ಮಕ್ಕಳ ಮನೆಗಳು ಇಂದಿಗೂ ನಮ್ಮ ನಡುವೆ ಇವೆ. ತೋಟಕ್ಕೆ ಬೇಡವೆಂದ ನಾವು ಅಡುಗೆಮನೆಗೆ ವಿಷದ ಡಬ್ಬಿ ತರುವುದು ಸರಿಯೇ? ವಿದ್ಯುತ್ ಬ್ಯಾಟು ಕೂಡ ಊಟದ ಬಳಿ ಸಲ್ಲದು. ಸುಟ್ಟ ನೊಣದ ಚೂರುಗಳು ಅನ್ನಕ್ಕೆ ಸಿಡಿಯಬಹುದು.

ಇಷ್ಟು ಹೇಳಿದ ಮೇಲೆ ಒಂದು ಲೆಕ್ಕವನ್ನೂ ಒಪ್ಪಿಸಬೇಕು. ಒಂದು ಹೆಣ್ಣು ನೊಣ ತನ್ನ ಕೆಲವೇ ವಾರಗಳ ಬದುಕಿನಲ್ಲಿ ಸುಮಾರು 500 ಮೊಟ್ಟೆ ಇಡುತ್ತದೆ. ಸೆಕೆಗಾಲದಲ್ಲಿ ಮೊಟ್ಟೆ ಹುಳುವಾಗಿ, ಕೋಶವಾಗಿ, ರೆಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. ನಾವು ಒಂದು ಸಂಜೆಯೆಲ್ಲ ಶ್ರಮಿಸಿ ಮೂವತ್ತೊಂದು ನೊಣ ಹಿಡಿದೆವು. ಬೆಳಗಾದರೆ ಅಷ್ಟೇ ನೊಣ! ಹಿತ್ತಿಲಿಗೆ ಹೋಗಿ ನೋಡಿದಾಗ ಹಲಸಿನ ರೆಚ್ಚೆ ರಾಶಿಬಿದ್ದಿತ್ತು, ಹಟ್ಟಿಗೊಬ್ಬರದ ಗುಂಡಿ ಬಾಯ್ದೆರೆದುಕೊಂಡಿತ್ತು, ಅದರಲ್ಲಿ ಬಿಳಿ ಹುಳುಗಳು ಹೊರಳುತ್ತಿದ್ದವು. ಯಂತ್ರ ಹಿಡಿಯುವುದು ಬಂದ ನೊಣವನ್ನು. ಬರಲಿರುವ ನೊಣ ಇರುವುದು ಅಲ್ಲಿ.

ಮರುದಿನ ನಾವೇ ರೆಚ್ಚೆಯನ್ನು ಹೊಂಡಕ್ಕೆ ಹಾಕಿ ಮಣ್ಣು ಮುಚ್ಚಿದೆವು. ಗೊಬ್ಬರವನ್ನು ಒತ್ತಿ ರಾಶಿಮಾಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹೊದೆಸಿ, ಅಂಚಿಗೆ ಕಲ್ಲು ಹೇರಿದೆವು. ರಾಶಿಯೊಳಗಿನ ಬಿಸಿಗೆ ಹುಳು ಬದುಕದು. ಕಸವನ್ನು ವಾರಕ್ಕೆರಡು ಬಾರಿ ತೆಗೆದರೆ ಮೊಟ್ಟೆಗೆ ರೆಕ್ಕೆ ಮೂಡುವಷ್ಟು ಸಮಯವೇ ಸಿಗದು. ಎರಡು ವಾರ ಕಳೆದಾಗ ಆ ಮನೆಯಲ್ಲಿ ಯಂತ್ರಕ್ಕೆ ನಿಜವಾಗಿಯೂ ಕೆಲಸ ಕಡಿಮೆಯಾಯಿತು. ಉಳಿದ ನಾಲ್ಕಾರು ನೊಣಗಳಿಗೆ ಅದು ಧಾರಾಳ ಸಾಕಾಯಿತು.

ನಮ್ಮ ಶಾಲೆಯ ಮಧ್ಯಾಹ್ನದೂಟದ ಅಡುಗೆಕೋಣೆಗೂ ಇಂಥದೊಂದು ಯಂತ್ರ ಬರಲೆಂದು ನಾವು ಹಿರಿಯರನ್ನು ವಿನಂತಿಸುತ್ತೇವೆ. ಆದರೆ ಅದಕ್ಕಿಂತ ಮೊದಲು ಕೈತೊಳೆಯುವ ಕಟ್ಟೆಯ ಹಿಂದೆ ನಾವೇ ಎಸೆಯುವ ಎಂಜಲಿಗೆ ಒಂದು ಮುಚ್ಚಿದ ಹೊಂಡವಾಗಬೇಕು. ಅದನ್ನು ತೋಡಲು ಹಾರೆ ಹಿಡಿದು ಬರುವವರು ನಾವೇ.