ಸಿದ್ದಿ ಕೇರಿಗಳಲ್ಲಿ ರಕ್ತಪರೀಕ್ಷೆ ನಡೆಯಲಿ

ತೇರಗಾಂವದ ಹಿರಿಯರೇ, ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳ ಅಕ್ಕಂದಿರೇ, ಅಣ್ಣಂದಿರೇ,

ನಮ್ಮ ನೆರೆಹೊರೆಯ ಸಿದ್ದಿ ಬಂಧುಗಳ ಆರೋಗ್ಯದ ಬಗ್ಗೆ ಈ ಮನವಿ. ಇವರ ಪೂರ್ವಿಕರಲ್ಲಿ ಬಹಳಷ್ಟು ಮಂದಿಯನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತರಲಾಗಿತ್ತು. ಇಂದು ಸಿದ್ದಿಗಳು ನಮ್ಮ ಹಾಗೆಯೇ ಕನ್ನಡ, ಕೊಂಕಣಿ, ಮರಾಠಿ ಮಾತಾಡುವವರು. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಇದ್ದಾರೆ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಆದರೂ ಕಾಡಂಚಿನ ಕೇರಿಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ, ಬಸ್ಸಿನ ಖರ್ಚು ಮತ್ತು ಆ ದಿನದ ಕೂಲಿ ಎರಡನ್ನೂ ಲೆಕ್ಕ ಹಾಕಿಯೇ ದವಾಖಾನೆಗೆ ಹೊರಡಬೇಕಾದ ಸ್ಥಿತಿ ಇದೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ವಿಷಯ. ದುಂಡಗಿರಬೇಕಾದ ಕೆಂಪು ರಕ್ತಕಣ ಇದರಲ್ಲಿ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಎಲುಬು, ಕೀಲುಗಳಲ್ಲಿ ತಡೆಯಲಾರದ ನೋವು. ರಕ್ತ ಕಡಿಮೆಯಾಗಿ ಸುಸ್ತು, ಪದೇ ಪದೇ ಜ್ವರ, ಕಣ್ಣು ಹಳದಿ. ಮಲೇರಿಯಾ ಹೆಚ್ಚಿದ್ದ ನಾಡುಗಳಲ್ಲಿ, ಎಂದರೆ ಆಫ್ರಿಕಾದಲ್ಲೂ ನಮ್ಮ ದೇಶದ ಕಾಡು ಸೀಮೆಗಳಲ್ಲೂ, ಇದರ ವಂಶವಾಹಿ ಗುಣ ಹೆಚ್ಚಾಗಿ ಉಳಿದುಬಂದಿದೆ. ಅಪ್ಪ-ಅಮ್ಮ ಇಬ್ಬರಲ್ಲೂ ಈ ಗುಣವಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಇದು ಅಂಟುಜಾಡ್ಯವಲ್ಲ, ಯಾರ ಶಾಪವೂ ಅಲ್ಲ. ನೋವಿನಿಂದ ಏಳಲಾಗದ ಹುಡುಗನನ್ನು ಸೋಮಾರಿ ಎಂದು ಜರಿಯುವುದು ಅನ್ಯಾಯ.

ಅಮೆರಿಕದಲ್ಲಿ ಈ ಕಾಯಿಲೆಯನ್ನು ವೈದ್ಯರು 1910ರಲ್ಲೇ ವಿವರಿಸಿದ್ದರು. ಕಪ್ಪು ಜನರ ಕಾಯಿಲೆ ಎಂಬ ಕಾರಣಕ್ಕೆ ಅದು ದಶಕಗಳ ಕಾಲ ಕಡೆಗಣನೆಗೆ ಒಳಗಾಯಿತು. 1970ರ ದಶಕದ ಆರಂಭದಲ್ಲಿ ಕಪ್ಪು ಜನರೇ ತಮ್ಮ ಕೇರಿಗಳಲ್ಲಿ ಪರೀಕ್ಷೆ ಶುರು ಮಾಡಿದರು. 1972ರಲ್ಲಿ ಅಲ್ಲಿನ ಸರ್ಕಾರ ಈ ಕಾಯಿಲೆಯ ತಡೆಗೆಂದು ಕಾನೂನು ತಂದಿತು. ನಮ್ಮಲ್ಲಿ ಅಷ್ಟು ಕಾಯಬೇಕಾಗಿಲ್ಲ: 2023ರ ಜುಲೈ 1ರಂದು ಆರಂಭವಾದ ಸಿಕಲ್ ಸೆಲ್ ತಡೆಯ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ, ಬುಡಕಟ್ಟು ಸೀಮೆಗಳ 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆ ಅದರ ಗುರಿ.

ಗುರಿ ಮುಟ್ಟುವ ದಾರಿಯನ್ನು ನಮ್ಮ ರಾಜ್ಯದ ವೈದ್ಯರೊಬ್ಬರು ಎಂದೋ ತೋರಿಸಿಕೊಟ್ಟಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅವರು ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ಹಾಡಿಗಳಿಗೆ ತಾವೇ ಹೋದರು. ಸೋಲಿಗರ ಹೆಣ್ಣುಮಕ್ಕಳಿಗೇ ದಾದಿಯ ತರಬೇತಿ ಕೊಡಿಸಿದರು. ನನಗೆ ಅತ್ಯಂತ ದೊಡ್ಡದಾಗಿ ಕಾಣುವ ಕೆಲಸ ಇದು. ತಮ್ಮ ಮನೆಯ ಹುಡುಗಿ ಸೂಜಿ ಹಿಡಿದು ಬಂದಾಗ ಜನ ಕೈ ಚಾಚುತ್ತಾರೆ. ಸಿದ್ದಿ ಹುಡುಗಿಯರೂ ನರ್ಸಿಂಗ್ ಓದಲಿ. ಫೀಸು, ಹಾಸ್ಟೆಲ್ಲಿಗೆ ಉಳ್ಳವರು ನೆರವಾಗಲಿ.

ವೈದ್ಯರಲ್ಲೂ ಒಂದು ಕೋರಿಕೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು ಎಂಬುದು ಅಧ್ಯಯನಗಳಲ್ಲಿ ಕಂಡಿದೆ. ಯಂತ್ರದ ಅಂಕಿಯನ್ನಷ್ಟೇ ನಂಬದೆ ಉಸಿರಾಟ ಗಮನಿಸಿ. ರಕ್ತಹೀನತೆಯನ್ನು ಮೈಬಣ್ಣದಲ್ಲಿ ಹುಡುಕದೆ ಕಣ್ಣಿನ ಒಳರೆಪ್ಪೆ, ನಾಲಿಗೆ ನೋಡಿ. ಬಂದವರನ್ನು ಹೆಸರು ಹಿಡಿದು, ಬಹುವಚನದಲ್ಲಿ ಮಾತಾಡಿಸಿ.

ಪಂಚಾಯಿತಿ ಸದಸ್ಯರೇ, ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ನಮ್ಮ ಸಿದ್ದಿ ಕೇರಿಗಳಲ್ಲಿ ಎಷ್ಟು ಜನರ ಪರೀಕ್ಷೆ ಆಗಿದೆ, ಫಲಿತಾಂಶ ಅವರ ಕೈ ಸೇರಿದೆಯೇ, ಕಾಯಿಲೆ ಇದ್ದವರಿಗೆ ಅದಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ತಪ್ಪದೆ ಸಿಗುತ್ತಿದೆಯೇ? ಶಿಬಿರವನ್ನು ಜನ ಕೆಲಸದಿಂದ ಮರಳುವ ಸಂಜೆಗೆ, ಕೇರಿಯಲ್ಲಿಯೇ ಇಡಿಸಿ. ಒಬ್ಬರ ಫಲಿತಾಂಶ ಇನ್ನೊಬ್ಬರ ಮನೆಯ ಮಾತಾಗದಿರಲಿ, ಹೆಣ್ಣುಮಕ್ಕಳ ಮದುವೆಗೆ ಅದು ಅಡ್ಡ ಬಾರದಿರಲಿ. ಗದ್ದೆ, ತೋಟ ಉಳ್ಳವರೇ, ನಿಮ್ಮಲ್ಲಿ ದುಡಿಯುವ ಸಿದ್ದಿಗಳು ತಪಾಸಣೆಗೆ ಹೋದ ದಿನದ ಕೂಲಿಯನ್ನು ದಯವಿಟ್ಟು ಕಡಿತ ಮಾಡಬೇಡಿ.