ಸರದಿ ಕಂಪನಿಯ ಸೊತ್ತಲ್ಲ

ಹೊಸ ಗ್ರಾಹಕರನ್ನು ಕರೆತಂದವರಿಗೆ ಕಾಯುವ ಪಟ್ಟಿಯಲ್ಲಿ ಬಡ್ತಿ ಕೊಡುವ ಪದ್ಧತಿ ಅನ್ಯಾಯ ಎಂಬುದು ನನ್ನ ನಿಲುವು. ಅದನ್ನು ಸಮರ್ಥಿಸುವವರ ನಾಲ್ಕು ವಾದಗಳಿಗೆ ಇಲ್ಲಿ ಉತ್ತರ ಕೊಡುತ್ತೇನೆ.

ಒಂದು: ‘ಇದರಿಂದ ಯಾರಿಗೂ ನಷ್ಟವಿಲ್ಲ.’ ಇದೆ. 500ನೆಯವರು 100ನೆಯ ಸ್ಥಾನಕ್ಕೆ ಜಿಗಿದರೆ ನಡುವಿನ 400 ಮಂದಿ ಒಂದೊಂದು ಸ್ಥಾನ ಹಿಂದೆ ಸರಿಯುತ್ತಾರೆ. ಅವರ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ರಿಯಾಯಿತಿ ಕೊಟ್ಟರೆ ಕಂಪನಿಗೆ ಖರ್ಚು. ಸರದಿ ಕೊಟ್ಟರೆ ಮೊದಲೇ ಬಂದು ಕಾದವರಿಗೆ ಖರ್ಚು.

ಎರಡು: ‘ಹೊಸ ಕಂಪನಿ ಬೆಳೆಯಲು ಬೇರೆ ದಾರಿಯಿಲ್ಲ.’ ಇದಕ್ಕೆ ಅಮೆರಿಕದ ಷೇರು ವಹಿವಾಟು ಆ್ಯಪ್ ರಾಬಿನ್‌ಹುಡ್‌ ಅನ್ನು ತೋರಿಸುತ್ತಾರೆ. ಎಲ್ಲರಿಗೂ ತೆರೆದುಕೊಳ್ಳುವ ಮೊದಲೇ ಅದರ ಪಟ್ಟಿಯಲ್ಲಿ ಸುಮಾರು 10 ಲಕ್ಷ ಜನ ಸೇರಿದ್ದು ನಿಜ. ಆದರೆ ಉಳಿದ ದಲ್ಲಾಳಿ ಸಂಸ್ಥೆಗಳು ಪ್ರತಿ ವಹಿವಾಟಿಗೂ ಶುಲ್ಕ ಕೀಳುತ್ತಿದ್ದ ಕಾಲದಲ್ಲಿ ಅದು ಕಮಿಷನ್ ಬೇಡವೆಂದಿತ್ತು. ಜನರನ್ನು ಸೆಳೆದದ್ದರಲ್ಲಿ ಕಮಿಷನ್ ಇಲ್ಲದಿರುವುದರ ಪಾಲು ಸಣ್ಣದಲ್ಲ. ಇನ್ನು ಕಡತಗಳನ್ನು ಅಂತರ್ಜಾಲದಲ್ಲಿ ಇಟ್ಟುಕೊಳ್ಳುವ ಸೇವೆಯಾದ ಡ್ರಾಪ್‌ಬಾಕ್ಸ್ ನೋಡಿ: ಕರೆತಂದವರಿಗೂ ಬಂದವರಿಗೂ ಹೆಚ್ಚುವರಿ ಸಂಗ್ರಹ ಜಾಗ ಕೊಟ್ಟಿತು. 2008ರ ಸೆಪ್ಟೆಂಬರ್‌ನಲ್ಲಿ 1 ಲಕ್ಷವಿದ್ದ ಅದರ ಬಳಕೆದಾರರು 2010ರ ಜನವರಿಗೆ 40 ಲಕ್ಷವಾದರು. ಯಾರ ಸರದಿಯನ್ನೂ ಅದು ಕಸಿಯಲಿಲ್ಲ.

ಮೂರು: ‘ಶ್ರಮಪಟ್ಟವರಿಗೆ ಫಲ ಸಿಗುತ್ತದೆ.’ 2015ರಲ್ಲಿ ಒನ್‌ಪ್ಲಸ್ 2 ಫೋನಿಗೆ ಇಂಥದೇ ಪಟ್ಟಿಯಿತ್ತು. ತಂತ್ರಾಂಶ ಬಲ್ಲವನೊಬ್ಬ ನಕಲಿ ಇಮೇಲ್ ವಿಳಾಸಗಳನ್ನು ಸೃಷ್ಟಿಸಿ ತನ್ನ ಸ್ಥಾನವನ್ನು ಸಾವಿರಾರು ಮೆಟ್ಟಿಲು ಮೇಲಕ್ಕೇರಿಸಿಕೊಂಡ. ಮೋಸ ಮಾಡದವರ ನಡುವೆಯೂ ಗೆಲ್ಲುವುದು ದೊಡ್ಡ ಬಳಗವಿದ್ದವರೇ. ನಾಲ್ಕು ಜನರ ಪರಿಚಯವಷ್ಟೇ ಇರುವವರು ಎಷ್ಟು ಶ್ರಮಪಟ್ಟರೂ ಹಿಂದೆಯೇ.

ನಾಲ್ಕು: ‘ಹೆಚ್ಚು ಜನ ಬಂದರೆ ಕಂಪನಿಗಾದರೂ ಲಾಭ.’ ಅದೂ ಖಚಿತವಲ್ಲ. ಲುಯಿ ಯಾಂಗ್ ಮತ್ತು ಲೌರೆನ್ಸ್ ಡೆಬೊ ಎಂಬ ವಿದ್ವಾಂಸರು ಇದನ್ನು ಗಣಿತದ ಮಾದರಿಯಲ್ಲಿಟ್ಟು ಪರಿಶೀಲಿಸಿ, ಕೆಲವು ಸಂದರ್ಭಗಳಲ್ಲಿ ಈ ಯೋಜನೆಯೇ ತಿರುಗುಬಾಣವಾಗುತ್ತದೆಂದು ತೋರಿಸಿದ್ದಾರೆ. ತನ್ನ ಮುಂದೆ ಯಾರು ಬೇಕಾದರೂ ನುಗ್ಗಬಹುದೆಂದು ತಿಳಿದವನು ಸಾಲಿಗೇ ಬಾರದೆ ಹೋಗಬಹುದಲ್ಲವೇ?

ಕಂಪನಿಗಳು ಬಹುಮಾನ ಕೊಡಲಿ, ಧಾರಾಳವಾಗಿ ಕೊಡಲಿ. ಹಣ, ರಿಯಾಯಿತಿ, ಹೆಚ್ಚುವರಿ ಸೌಲಭ್ಯ ಎಲ್ಲವೂ ಅವುಗಳ ಕೈಯಲ್ಲಿವೆ. ಕಾದವರ ಸರದಿಯನ್ನು ಮಾತ್ರ ಕಾದವರಿಗೇ ಬಿಡಲಿ.